ಸಹಾಯ ಬೇಕು: ಹಳೇ ಲ್ಯಾಪ್‌ಟಾಪಲ್ಲಿ ಶಾ-512 ಫಾಸ್ಟು, ಹೊಸದರಲ್ಲಿ ಉಲ್ಟಾ!

ಎಲ್ಲರಿಗೂ ನಮಸ್ಕಾರ. ಅಪ್ಪ ರೆಕಾರ್ಡ್ ಮಾಡಿಟ್ಟ ಯಕ್ಷಗಾನದ ವಿಡಿಯೋಗಳು ಸುಮಾರು 2 ಟಿಬಿ ಇವೆ. ಇನ್ನೊಂದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡ್ತಿದ್ದೀನಿ. ಕಾಪಿ ಸರಿಯಾಗಿದೆಯಾ ಅಂತ ನೋಡೋಕೆ ಪ್ರತಿ ಫೈಲಿಗೂ ಹ್ಯಾಶ್ (ಫೈಲಿನ ಒಳಗಿರೋದ್ರಿಂದ ಲೆಕ್ಕ ಹಾಕಿ ತೆಗೆಯೋ ಚಿಕ್ಕ ಗುರುತು, ಬೆರಳಚ್ಚಿನ ಥರ) ತೆಗೆದಿಡಬೇಕು. ಶಾ-256, ಶಾ-512 ಹೀಗೆ ಹ್ಯಾಶ್ ವಿಧಾನಗಳು ಹಲವು, ಯಾವುದು ಅನ್ನೋದೇ ತಲೆನೋವು.

4 ಜಿಬಿಯ ಒಂದೇ ಫೈಲ್ ಇಟ್ಕೊಂಡು ಪರೀಕ್ಷೆ ಮಾಡಿದೆ. 2013ರ ಲ್ಯಾಪ್‌ಟಾಪಲ್ಲಿ ಶಾ-256ಕ್ಕೆ ಹನ್ನೊಂದು ಸೆಕೆಂಡ್, ಶಾ-512ಕ್ಕೆ ಏಳು. ಇದೇನೋ ಅರ್ಥ ಆಗುತ್ತೆ: 512 ಒಂದು ಸಲಕ್ಕೆ 128 ಬೈಟ್ ನುಂಗುತ್ತೆ, 64-ಬಿಟ್ ಲೆಕ್ಕ ಮಾಡುತ್ತೆ. ರೈಜನ್ ಪ್ರೊಸೆಸರ್ ಇರೋ ಹೊಸ ಲ್ಯಾಪ್‌ಟಾಪಲ್ಲಿ ಶಾ-256 ಎರಡೇ ಸೆಕೆಂಡಿಗೆ ಮುಗೀತು, 512 ಆರು ತಗೊಂಡಿತು! ಪ್ರೊಸೆಸರ್‌ನಲ್ಲೇ ಶಾ-256ಕ್ಕೆ ಬೇರೆ ಇನ್‌ಸ್ಟ್ರಕ್ಷನ್ ಇರೋದ್ರಿಂದ ಅಂತ ನನ್ನ ಊಹೆ. ಸರೀನಾ?

ಇನ್ನೊಂದು ಎಡವಟ್ಟು. ಮೊದಲ ಸಲ ಓಡಿಸಿದಾಗ ಎಲ್ಲಕ್ಕೂ ನಲವತ್ತು ಸೆಕೆಂಡ್ ಹತ್ರ ಬಂತು. ಮೇಲಿನ ಲೆಕ್ಕ ಎರಡನೇ ಸಲದ್ದು, ಫೈಲ್ ರ‍್ಯಾಮ್‌ಗೆ ಬಂದಮೇಲಿಂದು. ಅಂದ್ರೆ ನನ್ನ ಯುಎಸ್‌ಬಿ ಡಿಸ್ಕ್ ಸೆಕೆಂಡಿಗೆ 100 ಎಂಬಿ ಕೊಡೋದೇ ಹೆಚ್ಚು. ಹಾಗಿದ್ಮೇಲೆ 2020ರಲ್ಲಿ ಬಂದ ಬ್ಲೇಕ್3 ಅನ್ನೋ ಹ್ಯಾಶ್ ಪ್ರೊಸೆಸರ್‌ನ ಎಲ್ಲ ಕೋರ್ ಬಳಸಿದ್ರೂ ನಂಗೇನು ಲಾಭ?

ಎಂಡಿ5 ಅನ್ನೋ ಹಳೇ ಹ್ಯಾಶೇ ಸಾಕು ಅಂತಾನೆ ಗೆಳೆಯ. 2004ರಲ್ಲೇ ಅದರ ಕೊಲಿಷನ್ (ಬೇರೆ ಬೇರೆ ಡೇಟಾಗೆ ಒಂದೇ ಹ್ಯಾಶ್ ಬರೋದು) ತೋರಿಸಿದ್ದಾರೆ, ಆದ್ರೆ ಮನೆ ಡಿಸ್ಕಿನ ಬಿಟ್ ಕೆಟ್ಟಿದ್ಯಾ ನೋಡೋಕೆ ಅದು ಅಡ್ಡಿ ಆಗುತ್ತಾ? ಸಾವಿರಾರು ಸಣ್ಣ ಫೋಟೋಗಳೂ ಇವೆ, ಅಲ್ಲಿ ಲೆಕ್ಕ ಬದಲಾಗುತ್ತಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.