ಕುಡಿತ ಬಿಟ್ಟವರ ಗುಂಪಿನಲ್ಲಿ ಸಣ್ಣಪುಟ್ಟ ಜಗಳ: ನೀವು ಹೇಗೆ ನಿಭಾಯಿಸುತ್ತೀರಿ?

ಕೇಳಿದವರು: ಬೆಂಗಳೂರಿನ ಒಬ್ಬ ಸದಸ್ಯರು

ಎಲ್ಲರಿಗೂ ನಮಸ್ಕಾರ. ನಾನು ಆಲ್ಕೊಹಾಲಿಕ್ಸ್ ಅನಾನಿಮಸ್‌ನ, ಅಂದರೆ ನಾವೆಲ್ಲ ಎಎ ಎಂದು ಕರೆಯುವ ಸಂಘದ, ಒಂದು ಕನ್ನಡ ಗುಂಪಿಗೆ ಹೋಗುತ್ತಿದ್ದೇನೆ. ಕುಡಿತ ಬಿಟ್ಟು ವರ್ಷ ದಾಟಿದೆ, ಅದು ಆ ಗುಂಪಿನ ಉಪಕಾರ. ಆದರೆ ಈಚೆಗೆ ಅಲ್ಲಿ ನಡೆಯುತ್ತಿರುವ ಕಿತ್ತಾಟ ನೋಡಿ ಮನಸ್ಸು ಮುರಿದಿದೆ. ಕೊನೆಯ ಪ್ರಾರ್ಥನೆಯನ್ನು ಕೈ ಕೈ ಹಿಡಿದು ಹೇಳಬೇಕೋ ಕೈಮುಗಿದು ಹೇಳಬೇಕೋ, ಚಹಾ ಮೀಟಿಂಗಿಗೆ ಮೊದಲೋ ಆಮೇಲೋ, ವಾಟ್ಸಾಪ್ ಬಳಗದಲ್ಲಿ ದೇವರ ಚಿತ್ರ ಹಾಕಬಹುದೋ ಬಾರದೋ ಎಂಬ ವಿಷಯಗಳಿಗೆ ದೊಡ್ಡವರೇ ದನಿ ಎತ್ತುತ್ತಾರೆ. ಹೋದ ತಿಂಗಳು ವಾರ್ಷಿಕೋತ್ಸವದ ಕೇಕಿನ ಖರ್ಚಿನ ಮೇಲೆ ಇಬ್ಬರು ಹಿರಿಯರು ಮಾತು ಬಿಟ್ಟರು, ಅವರಲ್ಲೊಬ್ಬರು ನನ್ನ ಸ್ಪಾನ್ಸರ್, ಅಂದರೆ ಕುಡಿಯದೆ ಇರಲು ನನಗೆ ದಾರಿ ತೋರಿಸುವ ಹಳೆಯ ಸದಸ್ಯರು. ಇಂಥವನ್ನು ಸಣ್ಣದೆಂದು ಬದಿಗಿಡುವುದನ್ನು ನೀವು ಹೇಗೆ ಕಲಿತಿರಿ? ಗುಂಪು ಬದಲಿಸುವುದೇ ಒಳ್ಳೆಯದೋ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ, ಹಳೆಯ ಸದಸ್ಯರು

ನಿಮ್ಮ ಗುಂಪು ಕೆಟ್ಟಿದೆ ಎಂದು ತಿಳಿಯಬೇಡಿ, ಈ ಕಾಯಿಲೆ ಸಂಘದಷ್ಟೇ ಹಳೆಯದು. ಅಮೆರಿಕದ ಆಕ್ರನ್ ಊರಿನಲ್ಲಿ 1935ರಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಸೇರಿ ಎಎ ಆರಂಭಿಸಿದರು. ಹನ್ನೆರಡು ಹೆಜ್ಜೆಗಳು ಅಚ್ಚಾದದ್ದು 1939ರಲ್ಲಿ. ಹನ್ನೆರಡು ಸಂಪ್ರದಾಯಗಳನ್ನು ಸಂಘವೆಲ್ಲ ಸೇರಿ ಒಪ್ಪಿಕೊಂಡದ್ದು 1950ರ ಕ್ಲೀವ್‌ಲ್ಯಾಂಡ್ ಸಮ್ಮೇಳನದಲ್ಲಿ. ನಡುವಿನ ಆ ಹನ್ನೊಂದು ವರ್ಷಗಳಲ್ಲಿ ಗುಂಪುಗಳು ಹಣಕ್ಕಾಗಿ, ಕುರ್ಚಿಗಾಗಿ, ಯಾರನ್ನು ಒಳಗೆ ಬಿಡಬೇಕು ಯಾರನ್ನು ಬಿಡಬಾರದು ಎಂಬುದಕ್ಕಾಗಿ ಕಚ್ಚಾಡಿದ್ದು ಕಡಿಮೆಯೇನಲ್ಲ. ಹೆಜ್ಜೆಗಳು ಒಬ್ಬ ಮನುಷ್ಯ ಕುಡಿಯದೆ ಬದುಕಲು ಇರುವಂಥವು. ಸಂಪ್ರದಾಯಗಳು ಅಂಥ ಇಪ್ಪತ್ತು ಮನುಷ್ಯರು ಒಂದೇ ಕೋಣೆಯಲ್ಲಿ ಒಬ್ಬರನ್ನೊಬ್ಬರು ಸಹಿಸಿಕೊಳ್ಳಲು ಇರುವಂಥವು. ನಮ್ಮಲ್ಲಿ ಮೊದಲನೆಯದನ್ನು ಬಾಯಿಪಾಠ ಮಾಡಿದವರು ಎರಡನೆಯದನ್ನು ಓದುವುದೇ ಇಲ್ಲ.

ಮೂರನೆಯ ಸಂಪ್ರದಾಯದ ಹಿಂದಿನ ಕಥೆ ನನಗೆ ಬಹಳ ಇಷ್ಟ. ಆರಂಭದ ದಿನಗಳಲ್ಲಿ ಕೇಂದ್ರ ಕಚೇರಿಯವರು ಎಲ್ಲ ಗುಂಪುಗಳಿಗೆ ಪತ್ರ ಬರೆದು, ನಿಮ್ಮ ಸದಸ್ಯತ್ವದ ನಿಯಮಗಳೇನು ಎಂದು ಕೇಳಿದರಂತೆ. ಬಂದ ನಿಯಮಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ, ಅವೆಲ್ಲವೂ ಎಲ್ಲ ಕಡೆ ಜಾರಿಯಲ್ಲಿದ್ದರೆ ಒಬ್ಬನೇ ಒಬ್ಬ ಕುಡುಕನೂ ಎಎ ಸೇರಲಾಗುತ್ತಿರಲಿಲ್ಲ ಎಂಬುದು ಗೊತ್ತಾಯಿತು. ಕೊನೆಗೆ ಉಳಿದದ್ದು ಒಂದೇ ಅರ್ಹತೆ: ಕುಡಿತ ಬಿಡಬೇಕೆಂಬ ಆಸೆ. ಇನ್ನೊಂದು ಊರಿನ ಗುಂಪು ಕ್ಲಬ್ಬು, ಆಸ್ಪತ್ರೆ, ಸಾಲದ ವ್ಯವಸ್ಥೆ ಎಲ್ಲವನ್ನೂ ಒಂದೇ ಸೂರಿನಡಿ ಕಟ್ಟಲು ಹೊರಟು ಅರವತ್ತೊಂದು ನಿಯಮಗಳನ್ನು ಬರೆಯಿತು. ಅದೆಲ್ಲ ಕುಸಿದುಬಿದ್ದ ಮೇಲೆ ಅದರ ಮುಂದಾಳು ಒಂದು ಚಿಕ್ಕ ಕಾರ್ಡು ಅಚ್ಚು ಹಾಕಿಸಿ ಎಲ್ಲ ಗುಂಪುಗಳಿಗೂ ಕಳಿಸಿದ. ಹೊರಗಡೆ ‘ನಿಯಮ 62’ ಎಂದಿತ್ತು. ಮಡಿಕೆ ಬಿಚ್ಚಿದರೆ ಒಳಗಡೆ ಇದ್ದ ಮಾತಿನ ತಾತ್ಪರ್ಯ ಇಷ್ಟೆ: ನಿನ್ನನ್ನು ನೀನೇ ಅಷ್ಟೊಂದು ದೊಡ್ಡದಾಗಿ ಎಣಿಸಿಕೊಳ್ಳಬೇಡ. ನಮ್ಮ ಗುಂಪಿನಲ್ಲಿ ಚಹಾ, ಬಿಸ್ಕತ್ತಿನ ವಿಷಯಕ್ಕೆ ಯಾರಾದರೂ ಏರುದನಿಯಲ್ಲಿ ಮಾತಾಡತೊಡಗಿದರೆ ಹಿಂದಿನ ಸಾಲಿನಿಂದ ಒಬ್ಬರು “ಅರವತ್ತೆರಡು” ಎಂದು ಕೂಗುತ್ತಾರೆ. ನಗು ಬಂದರೆ ಮಾತು ಮುಗಿಯಿತು. ನಗು ಬರದಿದ್ದರೆ ವಿಷಯ ಚಹಾದ್ದಲ್ಲ, ಬೇರೆಯೇನೋ ಇದೆ ಎಂದು ತಿಳಿದು, ಮೀಟಿಂಗ್ ಮುಗಿದ ಮೇಲೆ ಆ ಮನುಷ್ಯನ ಜೊತೆ ಬಸ್ ಸ್ಟ್ಯಾಂಡಿನವರೆಗೆ ನಡೆದು ಹೋಗುತ್ತೇವೆ.

ಶಿವಮೊಗ್ಗದಿಂದ, ಒಬ್ಬ ಮಹಿಳಾ ಸದಸ್ಯೆ

ಅಣ್ಣಾವ್ರು ಇತಿಹಾಸ ಚೆನ್ನಾಗಿ ಹೇಳಿದ್ದಾರೆ. ನಾನು ದೇಹದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಕುಡಿತ ನಿಲ್ಲಿಸಿದ ಮೇಲೆ ತಿಂಗಳುಗಟ್ಟಲೆ ನಿದ್ದೆ ಸರಿ ಹೋಗುವುದಿಲ್ಲ, ಕಿರಿಕಿರಿ ಬಿಡುವುದಿಲ್ಲ. ಅಂಥ ಹತ್ತು ಜನ ಸಂಜೆ ಏಳು ಗಂಟೆಗೆ, ಆಫೀಸು, ಗದ್ದೆ, ಅಂಗಡಿ ಮುಗಿಸಿ, ಹೊಟ್ಟೆಗೆ ಏನೂ ಇಲ್ಲದೆ ಬಂದು ಕೂತರೆ ಫ್ಯಾನಿನ ವೇಗಕ್ಕೂ ಜಗಳ ಹುಟ್ಟುತ್ತದೆ. ಹಸಿವು, ಕೋಪ, ಒಂಟಿತನ, ದಣಿವು ಈ ನಾಲ್ಕನ್ನು ನೋಡಿಕೋ ಎಂದು ಗುಂಪಿನಲ್ಲಿ ಹೇಳುತ್ತಾರಲ್ಲ, ಅದನ್ನು ಕುಡಿಯಬೇಕೆನಿಸಿದಾಗ ಮಾತ್ರವಲ್ಲ, ವಾಟ್ಸಾಪಿನಲ್ಲಿ ಉತ್ತರ ಟೈಪ್ ಮಾಡುವಾಗಲೂ ನೋಡಿಕೊಳ್ಳಬೇಕು. ಚಹಾ ಮೀಟಿಂಗಿಗೆ ಮೊದಲೇ ಕೊಡಿ ಎಂಬುದು ನನ್ನ ಮತ. ಕಾರಣ ಈಗ ಗೊತ್ತಾಗಿರಬೇಕು.

ಮಂಗಳೂರಿನಿಂದ, ಗುಂಪಿನ ಕಾರ್ಯದರ್ಶಿಯಾಗಿದ್ದವರು

ಜಗಳ ಬೇಡ ಎಂದರೆ ಜಗಳ ನಿಲ್ಲುವುದಿಲ್ಲ, ಅದಕ್ಕೊಂದು ಜಾಗ ಮತ್ತು ಸಮಯ ಕೊಡಬೇಕು. ನಮ್ಮಲ್ಲಿ ತಿಂಗಳ ಕೊನೆಯ ವಾರ ಮೀಟಿಂಗ್ ಮುಗಿದ ಮೇಲೆ ಬೇರೆಯಾಗಿ ವ್ಯವಹಾರ ಸಭೆ ನಡೆಯುತ್ತದೆ. ಪ್ರಾರ್ಥನೆ ಹೇಗೆ, ಕೋಣೆಯ ಬೀಗದಕೈ ಯಾರ ಹತ್ತಿರ, ಕಾಣಿಕೆ ತಟ್ಟೆಯಲ್ಲಿ ಬಂದ ಹಣದಲ್ಲಿ ಬಾಡಿಗೆ ಎಷ್ಟು, ಪುಸ್ತಕಕ್ಕೆ ಎಷ್ಟು, ಇವೆಲ್ಲ ಅಲ್ಲಿಗೇ ಹೋಗಬೇಕು. ಶೇರಿಂಗ್, ಅಂದರೆ ಒಬ್ಬೊಬ್ಬರೇ ತಮ್ಮ ಅನುಭವ ಹೇಳಿಕೊಳ್ಳುವುದು, ನಡೆಯುವಾಗ ಯಾರಾದರೂ ಈ ವಿಷಯ ಎತ್ತಿದರೆ ಚೇರ್‌ಪರ್ಸನ್ ಆ ಮಾತನ್ನು ರಿಜಿಸ್ಟರಿನ ಹಿಂದಿನ ಪುಟದಲ್ಲಿ ಅವರ ಕಣ್ಣೆದುರೇ ಬರೆದುಕೊಳ್ಳುತ್ತಾರೆ. ಬರೆದುಕೊಂಡದ್ದನ್ನು ನೋಡಿದರೆ ಅರ್ಧ ಜನರಿಗೆ ಸಮಾಧಾನವಾಗುತ್ತದೆ, ತಿಂಗಳ ಕೊನೆಗೆ ಆ ಪುಟ ಓದಿದಾಗ ಬರೆಸಿದವರೇ “ಅದು ಬಿಡಿ ಮಾರಾಯ್ರೆ, ಮುಂದಿನದ್ದು ಓದಿ” ಎನ್ನುವುದುಂಟು.

ಉಳಿದವುಗಳಿಗೆ ಮತ ಹಾಕಿಸುತ್ತೇವೆ. ಒಂದೆರಡು ಮತಗಳ ಅಂತರದಲ್ಲಿ ಗೆದ್ದ ನಿರ್ಣಯವನ್ನು ಜಾರಿಗೆ ತರುವುದಿಲ್ಲ, ಮೂರರಲ್ಲಿ ಎರಡು ಪಾಲು ಒಪ್ಪಬೇಕು. ಮತ ಎಣಿಸಿದ ಮೇಲೂ ಸೋತವರಿಗೆ ಇನ್ನೊಮ್ಮೆ ಮಾತಾಡಲು ಬಿಡುತ್ತೇವೆ, ಅಲ್ಪಮತದ ಮಾತು ಕೇಳಬೇಕೆಂಬುದು ಎಎಯ ಸೇವಾ ತತ್ತ್ವಗಳಲ್ಲೇ ಇದೆ. ಪ್ರಾರ್ಥನೆಯ ವಿಷಯ ನಮ್ಮಲ್ಲೂ ಬಂದಿತ್ತು. ನಮ್ಮ ಗುಂಪಿಗೆ ದೇವಸ್ಥಾನಕ್ಕೆ ಹೋಗುವವರು, ಚರ್ಚಿಗೆ ಹೋಗುವವರು, ಮಸೀದಿಗೆ ಹೋಗುವವರು, ಎಲ್ಲಿಗೂ ಹೋಗದವರು ಎಲ್ಲರೂ ಬರುತ್ತಾರೆ. ನಿಂತು ಪ್ರಶಾಂತತೆಯ ಪ್ರಾರ್ಥನೆ ಹೇಳುವುದು, ಕೈಗಳನ್ನು ಅವರವರಿಗೆ ಬೇಕಾದಂತೆ ಇಟ್ಟುಕೊಳ್ಳುವುದು ಎಂದು ತೀರ್ಮಾನವಾಯಿತು. ನಾಲ್ಕನೆಯ ಸಂಪ್ರದಾಯದಂತೆ ಪ್ರತಿಯೊಂದು ಗುಂಪೂ ಸ್ವತಂತ್ರ, ಹಾಗಾಗಿ ಪಕ್ಕದ ಗುಂಪಿನಲ್ಲಿ ಹೇಗೆ ಮಾಡುತ್ತಾರೆ ಎಂಬ ವಾದಕ್ಕೆ ಬೆಲೆಯಿಲ್ಲ.

ಬೆಳ್ತಂಗಡಿ ಕಡೆಯ ಒಂದು ಹಳ್ಳಿಯಿಂದ

ನಾನು ಎಎಯವನಲ್ಲ. ನಮ್ಮ ಕಡೆ ಮದ್ಯವರ್ಜನ ಶಿಬಿರ ಮುಗಿಸಿ ಬಂದವರು ಊರಿನಲ್ಲೇ ಸಮಿತಿ ಮಾಡಿಕೊಂಡು ಸೇರುತ್ತೇವೆ. ನಮ್ಮಲ್ಲಿ ಕೇಕಿನ ಬದಲು ಶಾಲು. ಕಾರ್ಯಕ್ರಮದ ದಿನ ವೇದಿಕೆಯ ಮೇಲೆ ಯಾರಿಗೆ ಕುರ್ಚಿ, ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರ ಹೆಸರು ಕೆಳಗೆ ಎಂದು ಮುಖ ಸಿಂಡರಿಸಿಕೊಂಡವರು ಇದ್ದಾರೆ. ಒಂದು ವರ್ಷ ಹಿರಿಯರೊಬ್ಬರು ಒಂದು ಉಪಾಯ ಮಾಡಿದರು: ಶಾಲು ಹೊದಿಸಿದ್ದು ಸದಸ್ಯರಿಗಲ್ಲ, ಅವರ ಹೆಂಡತಿ ಅಥವಾ ತಾಯಿಗೆ. ಆ ಸಲ ಯಾರೂ ಕೆಳಗಿಳಿದ ಮೇಲೆ ಲೆಕ್ಕ ಕೇಳಲಿಲ್ಲ.

ಧಾರವಾಡದಿಂದ, ಆಲ್-ಅನಾನ್ ಸದಸ್ಯೆ

ನಾನು ಕುಡಿದವಳಲ್ಲ, ಕುಡಿದವರ ಜೊತೆ ಬದುಕಿದವಳು. ಕುಟುಂಬದವರಿಗಾಗಿ 1951ರಲ್ಲಿ ಬಿಲ್ ಅವರ ಪತ್ನಿ ಲೋಯಿಸ್ ಮತ್ತು ಅವರ ಗೆಳತಿ ಸೇರಿ ಕಟ್ಟಿದ ಸಂಘಕ್ಕೆ ಹೋಗುತ್ತೇನೆ. ಮನೆಯಿಂದ ನೋಡುವವರಿಗೆ ಏನು ಕಾಣುತ್ತದೆ ಎಂಬುದನ್ನು ಹೇಳಬೇಕೆನಿಸಿತು. ನಮ್ಮ ಯಜಮಾನರು ಒಂದು ಕಾಲದಲ್ಲಿ ಮೀಟಿಂಗಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ, ಇವತ್ತು ಇಂಥವರು ಹತ್ತು ನಿಮಿಷ ಜಾಸ್ತಿ ಮಾತಾಡಿದರು, ಇಂಥವರು ತಮ್ಮ ಕಥೆಯನ್ನೇ ಮತ್ತೆ ಹೇಳಿದರು ಎಂದು ಆರಂಭಿಸುತ್ತಿದ್ದರು. ಊಟಕ್ಕೆ ಕೂತಾಗಲೂ ಅದೇ. ಮೊದಲು ಮೀಟಿಂಗ್ ಬೈದರು, ಆಮೇಲೆ ಆ ಸದಸ್ಯರು ಬರುವ ದಿನ ತಪ್ಪಿಸಿದರು, ಆಮೇಲೆ ಪುಸ್ತಕ ಮನೆಯಲ್ಲೇ ಓದಿಕೊಳ್ಳುತ್ತೇನೆ ಎಂದರು. ಹಳೆಯ ಅಂಗಡಿಯ ದಾರಿ ಅಲ್ಲಿಂದ ದೂರವಿರಲಿಲ್ಲ. ಎಎಯವರ ಪುಸ್ತಕದಲ್ಲಿ ಒಳಗೇ ಇಟ್ಟುಕೊಂಡ ಅಸಮಾಧಾನವನ್ನು ಎಲ್ಲಕ್ಕಿಂತ ಮೊದಲಿನ ಶತ್ರು ಎಂದು ಎಣಿಸಿರುವುದು ಸುಮ್ಮನೆ ಅಲ್ಲ. ಆದ್ದರಿಂದ ತಮ್ಮಾ, ಜಗಳದಲ್ಲಿ ಯಾರು ಸರಿ ಎಂದು ತೂಗುತ್ತ ಕೂರಬೇಡಿ. ಆ ಜಗಳ ನಿಮ್ಮ ಕಾಲನ್ನು ಮೀಟಿಂಗಿನ ಕಡೆಗೆ ಒಯ್ಯುತ್ತಿದೆಯೋ, ಅಲ್ಲಿಂದ ಆಚೆಗೆ ಒಯ್ಯುತ್ತಿದೆಯೋ ಅಷ್ಟನ್ನು ನೋಡಿ.

ನ್ಯೂಜೆರ್ಸಿಯಿಂದ

ಹೊಸ ಗುಂಪು ಹುಟ್ಟಲು ಒಂದು ಮುನಿಸು ಮತ್ತು ಒಂದು ಕಾಫಿ ಪಾತ್ರೆ ಸಾಕು ಎಂಬ ತಮಾಷೆ ಇಲ್ಲಿಯ ಎಎಯವರ ಬಾಯಲ್ಲಿ ಸದಾ ಇರುತ್ತದೆ. ಗುಂಪು ಬದಲಿಸುವುದು ಪಾಪವಲ್ಲ, ಎರಡು ಗುಂಪಿಗೆ ಹೋಗುವುದೂ ತಪ್ಪಲ್ಲ. ಎರಡನೆಯದು ಗಟ್ಟಿಯಾಗುವ ಮುನ್ನ ಮೊದಲನೆಯದನ್ನು ಬಿಡಬೇಡಿ, ಅಷ್ಟೆ.

ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಧಾರವಾಡದ ಅಕ್ಕನವರ ಮಾತು ನೇರವಾಗಿ ನಾಟಿತು. ಸ್ಪಾನ್ಸರ್ ವಿಷಯ ಮಾತ್ರ ಉಳಿಯಿತು. ಅವರು ಪ್ರತಿ ಫೋನಿನಲ್ಲೂ ಆ ಇನ್ನೊಬ್ಬ ಹಿರಿಯರ ದೂರನ್ನೇ ಹೇಳುತ್ತಾರೆ, ನಾನು ಹೂಂಗುಟ್ಟುತ್ತೇನೆ. ಇನ್ನು, ಯಾವುದನ್ನು ಸಣ್ಣದೆಂದು ಬಿಡಬಾರದು ಎಂಬುದೂ ತಿಳಿಯಬೇಕು.

ಮೈಸೂರಿನಿಂದ, ಹಳೆಯ ಸದಸ್ಯರು

ಹೂಂಗುಟ್ಟುವುದನ್ನು ನಿಲ್ಲಿಸಿ. “ಸಾರ್, ನಾನು ಫೋನ್ ಮಾಡಿದ್ದು ನನ್ನ ಐದನೇ ಹೆಜ್ಜೆಯ ವಿಷಯಕ್ಕೆ” ಎಂದು ಮರ್ಯಾದೆಯಿಂದ ಹೇಳಿ. ನಮ್ಮ ತಪ್ಪುಗಳನ್ನು ಇನ್ನೊಬ್ಬರೆದುರು ಒಪ್ಪಿಕೊಳ್ಳುವ ಹೆಜ್ಜೆಯಲ್ಲವೇ ಅದು. ನಿಜವಾದ ಸ್ಪಾನ್ಸರ್ ಆದರೆ ಅವರಿಗೆ ಒಳಗೊಳಗೇ ಖುಷಿಯಾಗುತ್ತದೆ. ಎರಡು ಸಲ ಹೇಳಿದ ಮೇಲೂ ದೂರೇ ಮುಂದುವರಿದರೆ ಬೇರೆಯವರನ್ನು ಕೇಳಿಕೊಳ್ಳಿ. ಸ್ಪಾನ್ಸರ್ ಬದಲಿಸಿದರೆ ಗುರುದ್ರೋಹವೇನೂ ಆಗುವುದಿಲ್ಲ.

ಸಣ್ಣದೆಂದು ಬಿಡಬಾರದವುಗಳು ಇವೆ. ಕಾಣಿಕೆ ಹಣದ ಲೆಕ್ಕ ತೋರಿಸದಿರುವುದು, ಮೀಟಿಂಗಿನಲ್ಲಿ ಕೇಳಿದ್ದನ್ನು ಹೊರಗೆ ಹೇಳುವುದು, ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ತೊಂದರೆ ಕೊಡುವುದು, ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸು ಎಂದು ಸಲಹೆ ಕೊಡುವುದು. ಇವು ನಡೆದರೆ ಗುಂಪಿನ ಒಗ್ಗಟ್ಟಿನ ಹೆಸರಿನಲ್ಲಿ ಸುಮ್ಮನಿರಬಾರದು. ವ್ಯವಹಾರ ಸಭೆಯಲ್ಲಿ ಎಲ್ಲರೆದುರು ಎತ್ತಬೇಕು, ಅಲ್ಲಿ ಬಗೆಹರಿಯದಿದ್ದರೆ ನಿಮ್ಮ ಊರಿನ ಇಂಟರ್‌ಗ್ರೂಪ್‌ಗೆ, ಅಂದರೆ ಹಲವು ಗುಂಪುಗಳು ಸೇರಿ ನಡೆಸುವ ಕಚೇರಿಗೆ, ಬರೆಯಬೇಕು, ಕಾನೂನು ಮೀರಿದ್ದಾದರೆ ಪೊಲೀಸರಿಗೆ ಹೇಳಲೂ ಹಿಂಜರಿಯಬಾರದು. ಅನಾಮಧೇಯತೆ ಇರುವುದು ರೋಗಿಯ ರಕ್ಷಣೆಗೆ, ಅಪರಾಧ ಮುಚ್ಚುವುದಕ್ಕಲ್ಲ. ಕೇಕಿನ ಖರ್ಚಿನ ಜಗಳವೂ ಲೆಕ್ಕದ ಪುಸ್ತಕ ಇಲ್ಲದ್ದರಿಂದ ಹುಟ್ಟಿದ್ದಾಗಿದ್ದರೆ, ಮುಂದಿನ ವ್ಯವಹಾರ ಸಭೆಯಲ್ಲಿ ಖಜಾಂಚಿಯನ್ನು ಆರಿಸಿ, ರಸೀದಿ ಅಂಟಿಸುವ ಒಂದು ನೋಟ್‌ಬುಕ್ ತರಿಸಿ.