ಹಳೆಯ ಫ್ರಿಜ್ ಯಾರ ಹೊಣೆ? ಪರಿಸರ ಕಾನೂನಿನ ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಶಿರಸಿಯಿಂದ): ಮೇಡಂ, ನಮ್ಮ ಮನೆಯ ಫ್ರಿಜ್ ಹದಿಮೂರು ವರ್ಷ ದುಡಿದು ಕೆಟ್ಟಿದೆ. ಹೊಸದನ್ನು ಕೊಟ್ಟ ಅಂಗಡಿಯವರು ಹಳೆಯದನ್ನು ಒಯ್ಯಲು ಒಪ್ಪಲಿಲ್ಲ. ಕಂಪನಿಯ ಸಹಾಯವಾಣಿಯವರು ‘ನಿಮ್ಮ ಊರಿನಲ್ಲಿ ಆ ಸೌಲಭ್ಯ ಇಲ್ಲ’ ಎಂದರು. ತಯಾರಿಸಿದವರೇ ತ್ಯಾಜ್ಯಕ್ಕೂ ಹೊಣೆ ಎಂಬ ಕಾನೂನು ಇದೆಯಂತಲ್ಲ, ಹಾಗಾದರೆ ಅವರು ಕಾನೂನು ಮುರಿದಂತಾಗಲಿಲ್ಲವೇ? ಗುಜರಿಯವರು ಒಂಬೈನೂರು ರೂಪಾಯಿ ಕೊಡಲು ಸಿದ್ಧರಿದ್ದಾರೆ.

ಉತ್ತರ: ಕಾನೂನು ಇದೆ. ಆದರೆ ಕಂಪನಿ ಲೆಕ್ಕ ಒಪ್ಪಿಸಬೇಕಾದದ್ದು ಸರ್ಕಾರಕ್ಕೆ, ಅದೂ ಟನ್ನುಗಳಲ್ಲಿ. ನಿಮ್ಮ ಅಡುಗೆಮನೆಯ ಆ ಒಂದು ಫ್ರಿಜ್ಜನ್ನು ಬಂದು ಒಯ್ಯಲೇಬೇಕು ಎಂದು ಅದು ಎಲ್ಲಿಯೂ ಹೇಳುವುದಿಲ್ಲ.

ಈಗ ಜಾರಿಯಲ್ಲಿರುವುದು 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು. 2023ರ ಏಪ್ರಿಲ್ 1ರಿಂದ ಅನ್ವಯಿಸುತ್ತಿವೆ. ಇವು ಒಂದೊಂದು ಉಪಕರಣಕ್ಕೂ ಸರಾಸರಿ ಆಯುಷ್ಯವನ್ನು ನಿಗದಿ ಮಾಡಿವೆ. ಫ್ರಿಜ್‌ಗೆ ಅದು ಹತ್ತು ವರ್ಷ. ಹತ್ತು ವರ್ಷಗಳ ಹಿಂದೆ ಕಂಪನಿ ಎಷ್ಟು ತೂಕದ ಫ್ರಿಜ್ ಮಾರಿತ್ತೋ ಅದರ ನಿಗದಿತ ಪಾಲು ಮರುಬಳಕೆಯಾಗಿದೆ ಎಂದು ಈ ವರ್ಷ ತೋರಿಸಬೇಕು. ಮೊದಲ ಎರಡು ವರ್ಷ ಆ ಪಾಲು ಶೇ 60, 2025–26 ಮತ್ತು 2026–27ಕ್ಕೆ ಶೇ 70, ಆಮೇಲೆ ಶೇ 80. ತೋರಿಸುವುದು ಹೇಗೆ? ನೋಂದಾಯಿತ ಮರುಬಳಕೆ ಘಟಕಗಳಿಂದ ಪ್ರಮಾಣಪತ್ರ ಖರೀದಿಸುವ ಮೂಲಕ. ಆ ಘಟಕ ಕರಗಿಸಿದ್ದು ಯಾರ ಮನೆಯ, ಯಾವ ಬ್ರ್ಯಾಂಡಿನ ವಸ್ತು ಎಂದು ಯಾರೂ ಕೇಳುವುದಿಲ್ಲ.

2016ರ ನಿಯಮಗಳಲ್ಲಿ ಹಾಗಿರಲಿಲ್ಲ. ಹಳೆಯ ಉಪಕರಣಗಳನ್ನು ಸಂಗ್ರಹಿಸುವ ವ್ಯವಸ್ಥೆಯನ್ನು ಉತ್ಪಾದಕರೇ ಮಾಡಬೇಕಿತ್ತು. ಹಲವು ಸಂಗ್ರಹ ಕೇಂದ್ರಗಳು ಕಾಗದದ ಮೇಲಷ್ಟೇ ಇದ್ದವು ಎಂಬ ದೂರು ಸುಳ್ಳಲ್ಲ. ಆದರೆ ಅವನ್ನು ಸರಿಪಡಿಸುವ ಬದಲು ಆ ಹೊಣೆಯನ್ನೇ ಕೈಬಿಟ್ಟದ್ದು ದೊಡ್ಡ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ದೊಡ್ಡ ನಗರಗಳಿಂದ ದೂರವಿರುವ ಊರುಗಳು ಅಂದಿನಿಂದ ಲೆಕ್ಕಕ್ಕೇ ಇಲ್ಲದಂತಾಗಿವೆ.

ಮರುಪ್ರಶ್ನೆ (ಶಿರಸಿಯಿಂದಲೇ): ಹಾಗಾದರೆ ಗುಜರಿಗೆ ಕೊಟ್ಟರೆ ನನ್ನ ಮೇಲೆ ಕೇಸು ಬೀಳುವುದಿಲ್ಲವೇ?

ಉತ್ತರ: ಬೀಳುವುದಿಲ್ಲ. ನೋಂದಾಯಿತರಿಗೇ ಕೊಡಬೇಕೆಂಬ ಕಟ್ಟುಪಾಡು ಇರುವುದು ವರ್ಷದಲ್ಲಿ ಯಾವುದೇ ಹೊತ್ತಿಗೆ ಸಾವಿರ ಅಥವಾ ಅದಕ್ಕಿಂತ ಹೆಚ್ಚು ಉಪಕರಣ ಬಳಸುವ ಸಂಸ್ಥೆಗಳಿಗೆ ಮಾತ್ರ. ಆದರೂ ಕೊಡಬೇಡಿ ಎಂದೇ ನಾನು ಕೇಳಿಕೊಳ್ಳುತ್ತೇನೆ. ಗುಜರಿಯವರಿಗೆ ಬೇಕಿರುವುದು ಕಂಪ್ರೆಸರ್, ಅದರೊಳಗಿನ ತಾಮ್ರ, ಹೊರಗಿನ ಕಬ್ಬಿಣ. ಪೈಪನ್ನು ಕತ್ತರಿಸಿದ ಕೂಡಲೇ ಒಳಗಿನ ಅನಿಲವೆಲ್ಲ ಗಾಳಿಗೆ ಸೇರುತ್ತದೆ. ಫ್ರಿಜ್‌ನ ಹಿಂಬದಿಯ ಚೀಟಿ ನೋಡಿ. ಅಲ್ಲಿ ಆರ್-134ಎ ಎಂದಿದ್ದರೆ, ಆ ಅನಿಲ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚಾಗಿ ಭೂಮಿಯನ್ನು ಬಿಸಿಯೇರಿಸುತ್ತದೆ.

ಇಲ್ಲಿ ಇನ್ನೊಂದು ಕೊರತೆಯನ್ನೂ ಹೇಳಬೇಕು. ಈ ಪ್ರಮಾಣಪತ್ರಗಳು ಸಿಗುವುದು ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ಎಂಬ ನಾಲ್ಕು ಲೋಹಗಳ ಲೆಕ್ಕದಲ್ಲಿ. ಗುಜರಿಯವರೂ ಹೆಚ್ಚುಕಡಿಮೆ ಇವನ್ನೇ ಹುಡುಕುವುದು! ಯಾರಿಗೂ ಬೇಡವಾದ, ಫ್ರಿಜ್ ಗೋಡೆಯೊಳಗಿನ ಫೋಮ್, ಹಳೆಯ ಟಿವಿಯ ಸೀಸಭರಿತ ಗಾಜು, ಪ್ಲಾಸ್ಟಿಕ್‌ಗಳಿಗೇ ನಿಜವಾಗಿ ಕಾನೂನಿನ ಬಲ ಬೇಕಿತ್ತು.

ಪ್ರಶ್ನೆ (ಹುಬ್ಬಳ್ಳಿಯಿಂದ): ನಾನು ಬೇರೆ ರಾಜ್ಯದ ಕಾರ್ಖಾನೆಯಿಂದ ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್ ತರಿಸಿ ನನ್ನ ಹೆಸರಿನ ಬ್ರ್ಯಾಂಡಿನಲ್ಲಿ ಮಾರುತ್ತೇನೆ. ತಯಾರಿಸುವವನು ನಾನಲ್ಲ. ನನಗೂ ಈ ಹೊಣೆ ಇದೆಯೇ? ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರು ಕಡಿಮೆ ದರಕ್ಕೆ ಪ್ರಮಾಣಪತ್ರ ಕೊಡಿಸುತ್ತೇನೆ ಎನ್ನುತ್ತಿದ್ದಾರೆ.

ಉತ್ತರ: ಇದೆ ಸರ್. ಬೇರೆಯವರು ತಯಾರಿಸಿದ್ದನ್ನು ಸ್ವಂತ ಬ್ರ್ಯಾಂಡಿನಲ್ಲಿ ಮಾರುವವರೂ, ಆಮದು ಮಾಡಿ ಮಾರುವವರೂ ಕಾನೂನಿನ ಕಣ್ಣಿನಲ್ಲಿ ಉತ್ಪಾದಕರೇ. ಅತಿಸಣ್ಣ ಉದ್ದಿಮೆಗಳಿಗೆ ಇ-ತ್ಯಾಜ್ಯ ನಿಯಮಗಳಿಂದ ವಿನಾಯಿತಿ ಇದೆ. 2025ರ ಏಪ್ರಿಲ್‌ನಿಂದ ಅದರ ಮಿತಿ ಎರಡೂವರೆ ಕೋಟಿ ಹೂಡಿಕೆ, ಹತ್ತು ಕೋಟಿ ವಹಿವಾಟು. ನಿಮ್ಮ ಉದ್ಯಮ್ ನೋಂದಣಿಯಲ್ಲಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ತಯಾರಿಕೆ ಎಂದಿದೆಯೋ ವ್ಯಾಪಾರ ಎಂದಿದೆಯೋ ನೋಡಿ. ಬರೀ ವ್ಯಾಪಾರ ಎಂದಿದ್ದರೆ ವಿನಾಯಿತಿಯನ್ನು ನಂಬಿ ಕೂರಬೇಡಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಲಿಖಿತ ಉತ್ತರ ಪಡೆಯಿರಿ.

ವಿನಾಯಿತಿ ಇಲ್ಲದಿದ್ದರೆ ಅದೇ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಿ. ಉಪಕರಣದ ಆಯುಷ್ಯದಷ್ಟು ವರ್ಷ ನಿಮ್ಮ ಮಾರಾಟ ಇನ್ನೂ ನಡೆದಿಲ್ಲವಾದರೆ ಗುರಿ ಹಗುರ: ಎರಡು ವರ್ಷಗಳ ಹಿಂದಿನ ಮಾರಾಟದ ಶೇ 20 ಮಾತ್ರ. ವಾಟ್ಸ್‌ಆ್ಯಪ್‌ನವರನ್ನು ದಯವಿಟ್ಟು ದೂರವಿಡಿ. ಪ್ಲಾಸ್ಟಿಕ್ ತ್ಯಾಜ್ಯಕ್ಕೂ ಇಂಥದೇ ಪ್ರಮಾಣಪತ್ರಗಳಿವೆ, ಅಲ್ಲಿ ಲಕ್ಷಗಟ್ಟಲೆ ನಕಲಿ ಪ್ರಮಾಣಪತ್ರಗಳು ಸೃಷ್ಟಿಯಾಗಿದ್ದು 2023ರಲ್ಲಿ ಬಯಲಾಯಿತು. ಕೊಡುಕೊಳ್ಳುವಿಕೆ ಪೋರ್ಟಲ್‌ನೊಳಗೇ ನಡೆಯಬೇಕು.

ಮರುಪ್ರಶ್ನೆ (ಹುಬ್ಬಳ್ಳಿಯಿಂದಲೇ): ಈ ಪ್ರಮಾಣಪತ್ರಕ್ಕೆ ಕೆಜಿಗೆ 22 ರೂಪಾಯಿ ಕನಿಷ್ಠ ದರ ಎಂದು ಓದಿದೆ. ಇದು ಹೊರೆಯಲ್ಲವೇ?

ಉತ್ತರ: ಗ್ರಾಹಕ ಎಲೆಕ್ಟ್ರಾನಿಕ್ಸ್‌ಗೆ ನಿಗದಿಯಾದ ದರ ಅದು. ಅದರ ವಿರುದ್ಧ ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋಗಿವೆ. 40 ಕೆಜಿಯ ಫ್ರಿಜ್‌ಗೆ 880 ರೂಪಾಯಿ ಆಗುತ್ತದೆ. ಶಿರಸಿಯಿಂದ ಪ್ರಶ್ನೆ ಕೇಳಿದವರಿಗೆ ಗುಜರಿಯವರು ಕೊಡುವ ಬೆಲೆಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಅನಿಲವನ್ನು ಸರಿಯಾಗಿ ಹೀರಿ ತೆಗೆದು, ಕೆಲಸಗಾರರಿಗೆ ಮುಖಗವಸು ಕೊಟ್ಟು, ತೆರಿಗೆ ಕಟ್ಟುವ ಘಟಕ ಇದಕ್ಕಿಂತ ಅಗ್ಗದ ದರದಲ್ಲಿ ಗುಜರಿಯ ಎದುರು ನಿಲ್ಲಲಾರದು. ನನ್ನ ಮಟ್ಟಿಗೆ ಈ ದರ ಇರಲೇಬೇಕು.

ಪ್ರಶ್ನೆ (ತುಮಕೂರಿನಿಂದ): ಇನ್ವರ್ಟರ್ ಬ್ಯಾಟರಿಯನ್ನು ಮಾತ್ರ ಅಂಗಡಿಯವರು ತಾವಾಗಿಯೇ ಕೇಳಿ ಪಡೆಯುತ್ತಾರೆ, ಬೆಲೆಯಲ್ಲೂ ಕಳೆಯುತ್ತಾರೆ. ಅದು ಹೇಗೆ?

ಉತ್ತರ: ಸೀಸಕ್ಕೆ ಬೆಲೆ ಇದೆ, ಜೊತೆಗೆ ಹಳೆಯದನ್ನು ವಾಪಸ್ ಪಡೆಯುವ ನಿಯಮ 2001ರಿಂದಲೇ ಇತ್ತು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡಿವೆ. ಬ್ಯಾಟರಿಯನ್ನು ಉಳಿದ ಕಸದಲ್ಲಿ ಬೆರೆಸಬಾರದು ಎಂಬ ಕರ್ತವ್ಯ ಬಳಕೆದಾರರ ಮೇಲೂ ಇದೆ. ಬಿಲ್‌ನಲ್ಲಿ ಹಳೆಯ ಬ್ಯಾಟರಿಯನ್ನು ನಮೂದಿಸುವಂತೆ ಕೇಳಿ.

ಪ್ರಶ್ನೆ (ಶಿರಸಿಯಿಂದ): ಮೇಡಂ, ಕೊನೆಯದಾಗಿ, ನಾನು ಈಗ ಮಾಡಬೇಕಾದದ್ದೇನು?

ಉತ್ತರ: ಒಂದು ಫ್ರಿಜ್‌ಗಾಗಿ ಯಾರೂ ಘಟ್ಟ ಹತ್ತಿ ಬರುವುದಿಲ್ಲ. ಬೀದಿಯವರು, ಶಾಲೆ, ಸಹಕಾರಿ ಸಂಘ ಸೇರಿ ಒಂದು ದಿನ ಗೊತ್ತು ಮಾಡಿ ವಸ್ತುಗಳ ಪಟ್ಟಿ ಮಾಡಿ. ಒಂದು ಲೋಡ್ ಆಗುವಷ್ಟಿದ್ದರೆ ಮರುಬಳಕೆ ಘಟಕದವರು ಮಾತಿಗೆ ಸಿಗುತ್ತಾರೆ. ದೇಶದ ಮೊದಲ ಅಧಿಕೃತ ಘಟಕಗಳಲ್ಲಿ ಒಂದು 2005ರಲ್ಲಿ ಆರಂಭವಾಗಿದ್ದು ನಮ್ಮ ದಾಬಸ್‌ಪೇಟೆಯಲ್ಲೇ. ಘಟಕದ ಹೆಸರು ಪೋರ್ಟಲ್‌ನ ಪಟ್ಟಿಯಲ್ಲಿದೆಯೇ ನೋಡಿ, ತೂಕ ಬರೆದ ರಸೀದಿ ಪಡೆಯಿರಿ.

ಜೊತೆಗೆ ಕಂಪನಿಗೂ ಬರೆಯಿರಿ. ಹೊಸ ಫ್ರಿಜ್ ಹೊತ್ತು ಶಿರಸಿಗೆ ಬರುವ ಲಾರಿ ಮರಳುವಾಗ ಹಳೆಯದನ್ನು ಏಕೆ ಒಯ್ಯಬಾರದು ಎಂದು ನೇರವಾಗಿ ಕೇಳಿ, ದೂರಿನ ಸಂಖ್ಯೆ ಪಡೆಯಿರಿ. ಪ್ರತಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಾರವಾರ ಕಚೇರಿಗೂ ಕಳುಹಿಸಿ. ಕರಡನ್ನು ಇಲ್ಲಿ ಹಾಕಿದರೆ ನಾನು ತಿದ್ದಿಕೊಡುತ್ತೇನೆ.