ಮುರಕಲ್ಲಿನ ಗೋಡೆಯ ಸಂದುಗಳಿಂದ ಗಾರೆ ಉದುರುತ್ತಿದೆ, ಸಿಮೆಂಟ್ ತುಂಬಬಹುದೇ?

ಪಡುಗೋಡೆ:

ನಮಸ್ಕಾರ. ಉಡುಪಿ ಕಡೆಯ ಹಳೇ ಹೆಂಚಿನ ಮನೆ, ಸಮುದ್ರಕ್ಕೆ ಮೂರ್ನಾಲ್ಕು ಕಿ.ಮೀ. ದೂರ. ಗೋಡೆ ಪೂರ್ತಿ ಮುರಕಲ್ಲು (ಲ್ಯಾಟರೈಟ್). ಹೊರಮೈಗೆ ಸಾರಣೆ ಇಲ್ಲ, ಸಂದುಗಳಿಗೆ ಮಾತ್ರ ಸುಣ್ಣದ ಗಾರೆ. ಪಡುವಣ ಗೋಡೆ 40 ಅಡಿ ಉದ್ದ, 10 ಅಡಿ ಎತ್ತರ. ಪಂಚಾಂಗದಿಂದ (ಗೋಡೆಯ ಬುಡದ ಕಟ್ಟೆ) ಮೇಲೆ ಸುಮಾರು 3 ಅಡಿವರೆಗೆ ಗಾರೆ ಹುಡಿಹುಡಿಯಾಗಿ ಉದುರುತ್ತಿದೆ, ಕೆಲವು ಕಡೆ ಬೆರಳಿನ ಒಂದು ಗೆಣ್ಣು ಒಳಗೆ ಹೋಗುತ್ತದೆ. ಒಂದು ಮೂಲೆಗೆ ಹಿಂದೆ ಯಾವಾಗಲೋ ಸಿಮೆಂಟ್ ಪಾಯಿಂಟಿಂಗ್ ಮಾಡಿದ್ದಾರೆ. ಅಲ್ಲಿ ಸಿಮೆಂಟ್ ಗಟ್ಟಿಯಾಗಿಯೇ ನಿಂತಿದೆ, ಅದರ ಸುತ್ತಲಿನ ಕಲ್ಲು ಸವೆದು ಗುಳಿ ಬಿದ್ದಿದೆ. ಒಳಗಡೆ ಪೈಂಟ್ ಬೊಬ್ಬೆ ಎದ್ದಿದೆ. ಏಪ್ರಿಲ್–ಮೇನಲ್ಲಿ ಗೋಡೆ ಮೇಲೆ ಬಿಳಿ ಹುಡಿ, ಮಳೆ ಶುರುವಾದರೆ ಅದೇ ಜಾಗದಲ್ಲಿ ಕಪ್ಪು ಪಸೆ.

ಗ್ರೈಂಡರ್ ಹಾಕಿ ಸಂದು ಬಿಡಿಸಿ, 1:3 ಸಿಮೆಂಟ್–ಮರಳಿಗೆ ವಾಟರ್‌ಪ್ರೂಫ್ ಲಿಕ್ವಿಡ್ ಸೇರಿಸಿ ತುಂಬೋಣ ಅಂತ ಮೇಸ್ತ್ರಿ ಹೇಳುತ್ತಿದ್ದಾರೆ. ಸರಿಯೇ? ಇಲ್ಲವಾದರೆ ಏನು ತುಂಬಬೇಕು, ಎಷ್ಟು ಆಳ, ಸಾಮಾನು ಎಷ್ಟು ಬೇಕು, ಯಾವಾಗ ಮಾಡಬೇಕು?

ಕರಣೆ_ಉಳಿ:

ಉತ್ತರ ನಿಮ್ಮ ಗೋಡೆಯ ಆ ಮೂಲೆಯಲ್ಲೇ ಇದೆ. ಮುರಕಲ್ಲಿಗೆ ಭಾರತೀಯ ಮಾನಕ ಐಎಸ್ 3620 ಕೇಳುವುದು ಕನಿಷ್ಠ 3.5 ನ್ಯೂಟನ್ (ಚದರ ಮಿ.ಮೀ.ಗೆ) ಬಲ. 1:3 ಸಿಮೆಂಟ್ ಗಾರೆ ಅದಕ್ಕಿಂತ ಎರಡು ಮೂರು ಪಟ್ಟು ಗಟ್ಟಿ. ಗೋಡೆ ಒಳಗಿನ ನೀರು ಆರುವಾಗ ಸಲೀಸಾದ ದಾರಿ ಹುಡುಕುತ್ತದೆ. ಸುಣ್ಣದ ಗಾರೆ ಇದ್ದರೆ ಸಂದಿನಿಂದ ಹೊರಗೆ ಬರುತ್ತದೆ, ಸಿಮೆಂಟ್ ಇದ್ದರೆ ಕಲ್ಲಿನಿಂದ. ನೀರು ಎಲ್ಲಿ ಆರುತ್ತದೋ ಉಪ್ಪು ಅಲ್ಲೇ ಹರಳುಗಟ್ಟಿ ಆ ಜಾಗವನ್ನು ಹುಡಿ ಮಾಡುತ್ತದೆ. ಗಾರೆ ಹುಡಿಯಾದರೆ ಮತ್ತೆ ತುಂಬಬಹುದು, ಕಲ್ಲು ಹುಡಿಯಾದರೆ ಏನು ಮಾಡುತ್ತೀರಿ ಮಾರಾಯ್ರೇ? ಸಂದು ಯಾವಾಗಲೂ ಕಲ್ಲಿಗಿಂತ ಮೆತ್ತಗೆ ಇರಬೇಕು. ವಾಟರ್‌ಪ್ರೂಫ್ ಲಿಕ್ವಿಡ್ ಸಂದಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಕಲ್ಲು ತನ್ನ ತೂಕದ ನೂರಕ್ಕೆ ಹತ್ತು ಹನ್ನೆರಡರಷ್ಟು ನೀರು ಹೀರುವ ಜಾತಿ, ಅದಕ್ಕೆ ಲಿಕ್ವಿಡ್‌ನಿಂದ ಏನೂ ಆಗುವುದಿಲ್ಲ.

ಗಾರೆಗೆ ಕೈ ಹಾಕುವ ಮೊದಲು ನೀರಿನ ಮೂಲ ನೋಡಿ. ಬರೀ ಕೆಳಗಿನ 3 ಅಡಿ ಹಾಳಾಗಿದೆ ಎಂದರೆ ಅಂಗಳದಿಂದ ಸಿಡಿಯುವ ಮಳೆನೀರು ಇರಬೇಕು, ಇಲ್ಲವೇ ನೆಲದಿಂದ ಏರುವ ಪಸೆ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿದ್ದರೆ ಗೋಡೆ ಪಕ್ಕ 2 ಅಡಿ ಅಗಲಕ್ಕೆ ಅದನ್ನು ಎಬ್ಬಿಸಿ ಜಲ್ಲಿ ಹಾಸಿ, ಸಿಡಿತ ಸಾಕಷ್ಟು ಇಳಿಯುತ್ತದೆ. ಮಣ್ಣು ಪಂಚಾಂಗದ ಮೇಲೆ ಬಂದಿದ್ದರೆ ತೆಗೆದು, ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕೊಡಿ.

ಸಂದು ಬಿಡಿಸುವುದು: ಗ್ರೈಂಡರ್ ಬೇಡ. ಮುರಕಲ್ಲಿನ ಸಂದು ನೇರ ಇರುವುದಿಲ್ಲ, ಚಕ್ರ ಕಲ್ಲಿನ ಅಂಚಿಗೆ ತಾಗಿಯೇ ತಾಗುತ್ತದೆ. ಸಂದಿಗಿಂತ ಸಪೂರ ಉಳಿ, ಸಣ್ಣ ಸುತ್ತಿಗೆ ಸಾಕು. ಆಳ ಸಂದಿನ ಅಗಲದ ಎರಡು ಪಟ್ಟು, ಅಂದರೆ 15 ಮಿ.ಮೀ. ಸಂದಿಗೆ 30 ಮಿ.ಮೀ. ಹಿಂಬದಿ ಚೌಕಾಗಿರಬೇಕು. ‘ವಿ’ ಆಕಾರದಲ್ಲಿ ಬಿಡಿಸಿದರೆ ಹೊಸ ಗಾರೆಗೆ ಹಿಡಿತ ಸಿಗದೆ ಒಂದೆರಡು ಮಳೆಗಾಲದಲ್ಲಿ ಹಪ್ಪಳದ ಹಾಗೆ ಕಳಚಿಕೊಳ್ಳುತ್ತದೆ. ಮೇಲಿನಿಂದ ಕೆಳಗೆ ಬಿಡಿಸುತ್ತಾ ಬನ್ನಿ, ಬ್ರಷ್ ಹೊಡೆದು ಹುಡಿ ಪೂರ್ತಿ ತೆಗೆಯಿರಿ. ಗೋಳಿ, ಅಶ್ವತ್ಥದ ಸಸಿ ಹುಟ್ಟಿದ್ದರೆ ಎಳೆಯಬೇಡಿ, ಕಲ್ಲು ಸಡಿಲವಾಗುತ್ತದೆ. ಬೇರು ಕಾಣುವಷ್ಟು ಸಂದು ಬಿಡಿಸಿ ಕತ್ತರಿಸಿ ತೆಗೆಯಿರಿ.

ಹಳೇ ಸಿಮೆಂಟ್ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಮಾತ್ರ ತೆಗೆಯಿರಿ. ಗಟ್ಟಿಯಾಗಿ ಅಂಟಿದ್ದನ್ನು ಎಬ್ಬಿಸಲು ಹೋದರೆ ಕಲ್ಲಿನ ಅಂಚೂ ಜತೆಗೆ ಬರುತ್ತದೆ.

ಗಾರೆ: ಸುಣ್ಣದ ಹಿಟ್ಟು (ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿದ ಮುದ್ದೆ) 2, ಸುರ್ಕಿ (ಇಟ್ಟಿಗೆಯ ಹುಡಿ) 1, ಮರಳು 5, ಎಲ್ಲವೂ ಅಳತೆ ಪಾತ್ರೆಯ ಲೆಕ್ಕ. ನಮ್ಮಲ್ಲಿ ಸಿಗುವ ಚಿಪ್ಪಿನ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಯೇ ಗಟ್ಟಿಯಾಗಬೇಕು. ಸಂದಿನ ರಂಧ್ರಗಳಲ್ಲಿ ನೀರು ತುಂಬಿದ್ದರೆ ಆ ಅನಿಲ ಒಳಗೆ ಹೋಗುವುದು ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಕರಾವಳಿಯಲ್ಲಿ ಬರೀ ಸುಣ್ಣ–ಮರಳಿನ ಗಾರೆ ತಿಂಗಳುಗಟ್ಟಲೆ ಮೆತ್ತಗೇ ಉಳಿಯುವುದು ಅದಕ್ಕೇ. ಸುರ್ಕಿ ಸೇರಿದರೆ ಸುಣ್ಣದ ಒಂದು ಪಾಲು ಅದರ ಜತೆ ನೀರಿನಲ್ಲೇ ಬೆರೆತು ಗಟ್ಟಿಯಾಗುತ್ತದೆ. ಸುರ್ಕಿಗೆ ಹದವಾಗಿ, ಕಡಿಮೆ ಉರಿಯಲ್ಲಿ ಬೆಂದ ಇಟ್ಟಿಗೆ ಬೇಕು. ಕಪ್ಪಿಟ್ಟ, ಗಾಜಿನಂತೆ ಹೊಳೆಯುವ ಇಟ್ಟಿಗೆಯ ಹುಡಿ ಬರೀ ಮರಳಿಗೆ ಸಮ, ಸುಣ್ಣದ ಜತೆ ಸೇರುವುದಿಲ್ಲ.

ಲೆಕ್ಕ: ಒಂದು ಚದರ ಮೀಟರ್ ಗೋಡೆಗೆ ಸುಮಾರು 8 ಮೀಟರ್ ಸಂದು. 15 × 30 ಮಿ.ಮೀ. ಎಂದರೆ ಮೂರೂವರೆ ಲೀಟರ್‌ಗಿಂತ ಸ್ವಲ್ಪ ಹೆಚ್ಚು ಗಾರೆ. ನಿಮ್ಮ ಹಾಳಾದ ಭಾಗ 120 ಚದರ ಅಡಿ, ಅಂದರೆ 11 ಚದರ ಮೀಟರ್, 40 ಲೀಟರ್. ಒಡೆದ ಅಂಚು, ಬಿದ್ದು ಹಾಳಾಗುವುದು ಸೇರಿಸಿ 60 ಇಟ್ಟುಕೊಳ್ಳಿ. ಹಿಟ್ಟು ಮರಳಿನ ಎಡೆಯೊಳಗೆ ಕೂರುವುದರಿಂದ ಗಾರೆಯ ಗಾತ್ರ ಮರಳು, ಸುರ್ಕಿಯ ಗಾತ್ರದಷ್ಟೇ: ಮರಳು 50 ಲೀಟರ್, ಸುರ್ಕಿ 10, ಹಿಟ್ಟು 20. ಹಿಟ್ಟಿಗೆ 12 ಕೆ.ಜಿ. ಸುಟ್ಟ ಸುಣ್ಣ ತಂದರೆ ಸಾಕು.

ಕೆಂಪುಕಲ್ಲು:

ಹಿಟ್ಟು ಮಾಡುವ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು, ಅದಕ್ಕೆ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಸುಣ್ಣದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ರಬ್ಬರ್ ಕೈಗವಸು ಕಡ್ಡಾಯ, ಪಕ್ಕದಲ್ಲೇ ಒಂದು ಬಕೆಟ್ ಶುದ್ಧ ನೀರು ಇರಲಿ. ತಣಿದ ಮೇಲೆ ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ, ಮೇಲೆ ಒಂದಿಂಚು ನೀರು ನಿಲ್ಲಿಸಿ, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕನಿಷ್ಠ ಒಂದು ತಿಂಗಳು ಇಡಿ. ಸೋಸದೆ ಬಿಟ್ಟರೆ ಅರಳದೆ ಉಳಿದ ಸುಣ್ಣದ ಕಾಳು ಗೋಡೆಯಲ್ಲಿ ಆಮೇಲೆ ಅರಳಿ ಗಾರೆಯನ್ನು ಒಡೆಯುತ್ತದೆ.

ಮರಳು ಹೊಳೆಯದ್ದೇ ಆಗಬೇಕು, ಅಳಿವೆ ಕಡೆಯದ್ದು ಉಪ್ಪು. ಎಂ-ಸ್ಯಾಂಡ್ ಆದರೆ ತೊಳೆದು ಹಾಕಿ, ಅದರಲ್ಲಿ ನುಣುಪು ಹುಡಿ ಹೆಚ್ಚು, ಗಾರೆ ಬಿರುಕು ಬಿಡುತ್ತದೆ. ಒಂದು ಲೀಟರ್ ಒಣ ಮರಳಿಗೆ ಮೇಲ್ಮಟ್ಟಕ್ಕೆ ಬರುವವರೆಗೆ ನೀರು ಹಾಕಿ ನೋಡಿ. ಸುಮಾರು 330 ಮಿ.ಲೀ. ಹಿಡಿದರೆ ಹಿಟ್ಟು ಒಂದಕ್ಕೆ ಮರಳು–ಸುರ್ಕಿ ಸೇರಿ ಮೂರರ ಲೆಕ್ಕ ಸರಿ. 400 ಹಿಡಿದರೆ ಹಿಟ್ಟು ಅಷ್ಟು ಹೆಚ್ಚಿಸಿ.

ಆದರೆ ಒಂದು ಪ್ರಶ್ನೆ: ಸಿಮೆಂಟ್ 1, ಸುಣ್ಣ 1, ಮರಳು 6 ಹಾಕಿದರೆ ಆಗುವುದಿಲ್ಲವೇ? ಬೇಗ ಗಟ್ಟಿಯಾಗುತ್ತದೆ, ಮೇಸ್ತ್ರಿಗಳಿಗೂ ಗೊತ್ತಿರುವ ಕೆಲಸ.

ಕರಣೆ_ಉಳಿ:

ಸಿಮೆಂಟಿನಲ್ಲೇ ಕಟ್ಟಿದ ಈಚಿನ ಮುರಕಲ್ಲಿನ ಗೋಡೆಗೆ 1:1:6 ಒಳ್ಳೆಯದೇ. ಇಲ್ಲಿ ಬೇಡ ಎನ್ನಲು ಉಪ್ಪು ಕಾರಣ. ಪಡುಗೋಡೆಯವರು ಹೇಳಿದ ಬಿಳಿ ಹುಡಿ, ಕಪ್ಪು ಪಸೆ ಎರಡೂ ಒಂದೇ ವಸ್ತು ಇರಬೇಕು. ಅಡುಗೆ ಉಪ್ಪು ಗಾಳಿಯ ತೇವ 75% ದಾಟಿದರೆ ತಾನಾಗಿಯೇ ನೀರು ಹೀರಿ ಕರಗುತ್ತದೆ, ಇಳಿದರೆ ಹರಳುಗಟ್ಟುತ್ತದೆ. ನಮ್ಮ ಮಳೆಗಾಲದಲ್ಲಿ 85–90% ಸಾಮಾನ್ಯ. ಎಲ್ಲೂ ಸೋರದಿದ್ದರೂ ಗೋಡೆ ಒದ್ದೆ ಕಾಣುವುದು ಹೀಗೆ. ಸಿಮೆಂಟ್ ತನ್ನದೇ ಕ್ಷಾರದ ಉಪ್ಪುಗಳನ್ನು ಅದಕ್ಕೆ ಸೇರಿಸುತ್ತದೆ. ಪರೀಕ್ಷೆ ಸುಲಭ: ಹುಡಿಯನ್ನು ನೀರಿಗೆ ಹಾಕಿ, ಕರಗಿದರೆ ಉಪ್ಪು. ಕರಗದೆ ವಿನೆಗರ್‌ನಲ್ಲಿ ನೊರೆ ಬಂದರೆ ಸುಣ್ಣ.

ಉಪ್ಪನ್ನು ಬೇಸಿಗೆಯಲ್ಲಿ, ಒಣಗಿದ್ದಾಗ ಬ್ರಷ್‌ನಿಂದ ಉದುರಿಸಿ, ಕೆಳಗೆ ಶೀಟ್ ಹಾಸಿ ಹಿಡಿದು ಹೊರಗೆ ಹಾಕಿ. ನೀರು ಹಾಕಿ ತೊಳೆದರೆ ಕರಗಿ ವಾಪಸ್ ಗೋಡೆ ಸೇರುತ್ತದೆ. ಜಾಸ್ತಿ ಇರುವ ಕಡೆ ಶೇಡಿಮಣ್ಣಿಗೆ ತೊಳೆದ ಮರಳು ಸೇರಿಸಿ ಕಲಸಿ, 15–20 ಮಿ.ಮೀ. ದಪ್ಪ ಮೆತ್ತಿ, ತಾನಾಗಿ ಒಣಗಿ ಬಿರಿದ ಮೇಲೆ ಕಿತ್ತು ಎಸೆಯಿರಿ. ಎರಡು ಮೂರು ಸಲ ಮಾಡಬೇಕಾಗುತ್ತದೆ.

ಪಡುಗೋಡೆ:

ತುಂಬ ಉಪಕಾರ. ಒಂದು ಕಡೆ ಬಿಡಿಸಿ ನೋಡಿದೆವು. ಹೊರಗಿನ ಒಂದೂವರೆ ಇಂಚು ಮಾತ್ರ ಸುಣ್ಣದ ಗಾರೆ, ಒಳಗೆಲ್ಲ ಕೆಂಪು ಮಣ್ಣು! ಅದೂ ಉದುರುತ್ತಿದೆ. ಅಂಗಡಿಯ ಪ್ಯಾಕೆಟ್ ಸುಣ್ಣದ ಹುಡಿ ಹಾಕಬಹುದೇ? ತುಂಬುವ ಕ್ರಮವನ್ನೂ ತಿಳಿಸಿ.

ಕರಣೆ_ಉಳಿ:

ನಿಮ್ಮ ಕಡೆಯ ಹಳೇ ಮನೆಗಳಲ್ಲಿ ಇದು ಮಾಮೂಲು: ಕಲ್ಲು ಕೂರಿಸಿದ್ದು ಮಣ್ಣಿನಲ್ಲಿ, ಮಳೆಗೆ ತಡೆಯಾಗಿ ಹೊರಗೆ ಸುಣ್ಣ. ಹಾಗಾಗಿ ಪ್ರೆಷರ್ ವಾಷರ್ ಹತ್ತಿರ ತರಬೇಡಿ, ಮಣ್ಣು ಕರಗಿ ಗೋಡೆ ಟೊಳ್ಳಾಗುತ್ತದೆ. ಒಮ್ಮೆಗೆ ಒಂದು ಮೀಟರ್ ಉದ್ದ ಮಾತ್ರ ಬಿಡಿಸಿ ತುಂಬಿ, ಮುಂದಿನ ಮೀಟರ್ ಬಿಟ್ಟು ಅದರಾಚೆಗೆ ಹೋಗಿ. 30 ಮಿ.ಮೀ. ಆಚೆ ಮಣ್ಣು ಗಟ್ಟಿ ಇದ್ದರೆ ಮುಟ್ಟಬೇಡಿ. ಖಾಲಿ ಇದ್ದರೆ ಅದೇ ಕೆಂಪು ಮಣ್ಣಿಗೆ ಹತ್ತರಲ್ಲಿ ಒಂದು ಪಾಲು ಸುಣ್ಣ ಸೇರಿಸಿ ಗಟ್ಟಿ ಉಂಡೆ ಮಾಡಿ, ಮುರಕಲ್ಲಿನ ಚಕ್ಕೆಗಳ ಜತೆ ಒತ್ತಿ ತುಂಬಿ.

ಪ್ಯಾಕೆಟ್ ಹುಡಿ ನಮ್ಮ ಹವೆಯಲ್ಲಿ ಚೀಲದೊಳಗೇ ಸಾಯುತ್ತದೆ. ವಿನೆಗರ್ ಹಾಕಿದಾಗ ಜೋರಾಗಿ ನೊರೆ ಬಂದರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಆಗಲೇ ಕಲ್ಲಾಗಿದೆ, ಪ್ರಯೋಜನ ಇಲ್ಲ.

ತುಂಬುವ ಹಿಂದಿನ ಸಂಜೆ, ಮತ್ತೆ ತುಂಬುವ ಗಂಟೆ ಮೊದಲು ಸಂದಿಗೆ ನೀರು ಚಿಮುಕಿಸಿ. ಕಲ್ಲು ತೇವ ಇರಬೇಕು, ನೀರು ಹೊಳೆಯಬಾರದು. ಒಣ ಮುರಕಲ್ಲು ಗಾರೆಯ ನೀರನ್ನು ನಿಮಿಷದಲ್ಲಿ ಎಳೆದುಕೊಂಡು ಅದನ್ನು ಹುಡಿ ಮಾಡಿಬಿಡುತ್ತದೆ. ಹಿಟ್ಟು–ಮರಳನ್ನು ಬೇರೆ ನೀರು ಸೇರಿಸದೆ ಒನಕೆಯಲ್ಲಿ 20 ನಿಮಿಷ ಕುಟ್ಟಿ. ಮೊದಲು ಒಣಗಿದಂತೆ ಕಾಣುತ್ತದೆ, ಕುಟ್ಟಿದಷ್ಟೂ ಮೆತ್ತಗಾಗುತ್ತದೆ, ಅಲ್ಲಿವರೆಗೆ ನೀರಿನ ಚೊಂಬು ದೂರ ಇಡಿ. ಸುರ್ಕಿಯನ್ನು ಕೊನೆಗೆ ಸೇರಿಸಿ, ಸೇರಿಸಿದ್ದನ್ನು ಅಂದೇ ಮುಗಿಸಿ. ಉಂಡೆ ಕಟ್ಟಿದರೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು. ಬೆಲ್ಲದ ನೀರು ಹಾಕುವವರಿದ್ದಾರೆ, ಹೆಚ್ಚಾದರೆ ಗಾರೆ ಗಟ್ಟಿಯಾಗುವುದು ತಡವಾಗುತ್ತದೆ. ನಮ್ಮ ಹವೆಗೆ ಅದು ಬೇಡವೇ ಬೇಡ.

ಸಂದಿಗಿಂತ ಸಪೂರ ಕರಣೆಯಿಂದ 15 ಮಿ.ಮೀ. ಒಂದು ಪದರ ಒತ್ತಿ. ಉಗುರು ಒತ್ತಿದರೆ ಗುರುತು ಮಾತ್ರ ಬೀಳುವಷ್ಟಾದ ಮೇಲೆ, ಸಾಮಾನ್ಯವಾಗಿ ಮರುದಿನ, ಎರಡನೆಯ ಪದರ. ಕಲ್ಲಿನ ಸವೆದ ಅಂಚಿಗಿಂತ 1–2 ಮಿ.ಮೀ. ಒಳಗೆ ನಿಲ್ಲಿಸಿ. ಉಬ್ಬಿದ ಪಟ್ಟಿ ಎಳೆಯುವ ಫ್ಯಾಷನ್ ಬೇಡ, ಅದರ ಮೇಲೆ ನೀರು ನಿಂತು ಕಲ್ಲಿಗೆ ಇಳಿಯುತ್ತದೆ. ಸ್ವಲ್ಪ ಬಿಗಿದ ಮೇಲೆ ಬಿರುಸು ಬ್ರಷ್‌ನಿಂದ ಕುಟ್ಟಿ. ಮೇಲಿನ ಸುಣ್ಣದ ಕೆನೆ ಹೋಗಿ ಮರಳು ಕಾಣಬೇಕು, ಗಾಳಿ ಒಳಹೋಗಲು ಅದೇ ಬಾಗಿಲು.

ನವೆಂಬರ್ ಮಧ್ಯದಿಂದ ಫೆಬ್ರವರಿ ಒಳಗೆ ಮುಗಿಸಿ. ಪಡುಗೋಡೆಗೆ ಮಧ್ಯಾಹ್ನದ ಬಿಸಿಲು ನೇರ ಹೊಡೆಯುತ್ತದೆ, 10 ದಿನ ಒದ್ದೆ ಗೋಣಿ ತೂಗುಹಾಕಿ. ಆಮೇಲೆ ಮೂರ್ನಾಲ್ಕು ವಾರ ಬೆಳಿಗ್ಗೆ ಮಾತ್ರ ನೀರು ಚಿಮುಕಿಸಿ. ಒದ್ದೆಯಾಗುವುದು, ಆರುವುದು ಎರಡೂ ನಡೆಯಬೇಕು.

ಕೆಂಪುಕಲ್ಲು:

ಗಟ್ಟಿಯಾಗಿದೆಯೇ ನೋಡಲು ಅರಿಶಿನ ಸಾಕು. ಮೇ ತಿಂಗಳಲ್ಲಿ ಕಾಣದ ಮೂಲೆಯಲ್ಲಿ ಗಾರೆ ಕೊಂಚ ಮುರಿದು, ಸ್ಪಿರಿಟ್‌ನಲ್ಲಿ ಕಲಸಿದ ಅರಿಶಿನವನ್ನು ಹೊಸ ಮುರಿತಕ್ಕೆ ಹಚ್ಚಿ. ಓಕುಳಿಯ ಕೆಂಪು ಬಂದರೆ ಅಲ್ಲಿ ಸುಣ್ಣ ಇನ್ನೂ ಹಸಿ, ಹಳದಿಯೇ ಉಳಿದರೆ ಅಷ್ಟು ಆಳ ಕಲ್ಲಾಗಿದೆ. ಹೊರಗಿನ 5 ಮಿ.ಮೀ. ಕೂಡ ಕೆಂಪಾದರೆ ಮೊದಲ ಮಳೆಗಾಲ ಆ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿ, ಗೋಡೆಗೆ ತಾಗದಂತೆ ಒಂದು ಅಡಿ ದೂರ. ಪ್ಲಾಸ್ಟಿಕ್ ಶೀಟ್ ಒತ್ತಿ ಹೊದಿಸಿದರೆ ಒಳಗೆ ಬೆವರಿ ಗಾರೆ ಹಾಗೆಯೇ ಹಸಿ ಉಳಿಯುತ್ತದೆ. ಒಳಗಿನ ಬೊಬ್ಬೆ ಎದ್ದ ಪೈಂಟ್ ಕೆರೆದು ತೆಗೆದು ಸುಣ್ಣವನ್ನೇ ತೆಳ್ಳಗೆ ಮೂರ್ನಾಲ್ಕು ಕೋಟ್ ಬಳಿಯಿರಿ. ಹೊರಗಿನ ಕೆಲಸ ಮುಗಿದು ಒಂದು ಬೇಸಿಗೆ ಕಳೆದ ಮೇಲೆ ಅದನ್ನು ಮಾಡಿದರೆ ಒಳ್ಳೆಯದು.